ಹಕ್ಕೋ ಸವಲತ್ತೋ: ಸೊರಬ, ಶಿಕಾರಿಪುರದ ಕಾನು ಮತ್ತು ಸೊಪ್ಪಿನಬೆಟ್ಟ

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ನಿನಲ್ಲಿ ಒಂದು ಉದ್ದನೆಯ ವಾಕ್ಯ ಇದೆ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೇ ಮೈಸೂರಿನ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಹೈದರಾಬಾದ್ ಪ್ರಾಂತ್ಯದ ಮೋಟಸ್ಥಳ. ಈ ಜಮೀನುಗಳಲ್ಲಿ ರೂಢಿಯಿಂದಲೋ ಸರ್ಕಾರದ ಆದೇಶದಿಂದಲೋ ಜನ ಅನುಭವಿಸುತ್ತ ಬಂದದ್ದೆಲ್ಲ ಮುಂದುವರಿಯತಕ್ಕದ್ದು ಎಂದು ಆ ವಾಕ್ಯ ಹೇಳುತ್ತದೆ. ಅನುಭವಿಸುತ್ತ ಬಂದದ್ದಕ್ಕೆ ಕಾಯ್ದೆ ಕೊಟ್ಟ ಹೆಸರು ‘ಪ್ರಿವಿಲೇಜ್’. ಅದೇ ಕಾಯ್ದೆಯ 72ನೇ ಸೆಕ್ಷನ್ನಿನಲ್ಲಿ ಊರಿನ ದನ ಊರಿನ ಹುಲ್ಲುಬನಿಯಲ್ಲಿ ಮೇಯುವ ಮಾತು ಬಂದಾಗ ಪದ ಬೇರೆ, ಅಲ್ಲಿ ‘ರೈಟ್’ ಎಂದಿದೆ. ಗ್ರಾಮ ಲೆಕ್ಕಿಗನಾಗಿ ಮೊದಲು ಸೊರಬದಲ್ಲಿ, ಆಮೇಲೆ ಶಿಕಾರಿಪುರದಲ್ಲಿ ಕೆಲಸ ಮಾಡಿದ ನಾನು ಈ ಎರಡು ಪದಗಳ ನಡುವಿನ ಅಂತರವನ್ನು ಪುಸ್ತಕದಲ್ಲಿ ಓದಿ ತಿಳಿಯಲಿಲ್ಲ. ಪಹಣಿ ಕೇಳಲು ಬಂದವರ ಮುಖ ನೋಡಿ ತಿಳಿದೆ.

ಅಡಿಕೆ ತೋಟ, ಗದ್ದೆ ಇದ್ದವರಿಗೆ ಸೊಪ್ಪಿನಬೆಟ್ಟ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಪೇಟೆಯ ಓದುಗರಿಗಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಕೊಟ್ಟಿಗೆಯ ನೆಲ ಒಣಗುವುದಿಲ್ಲ. ದನ ಮಲಗಲು ದಿನಾ ಹಸಿಸೊಪ್ಪು ಹಾಸಬೇಕು. ಬೆಳಿಗ್ಗೆ ಎದ್ದು ಮತ್ತಿ, ಹುಣಾಲು, ನೇರಳೆ, ಕೌಲು ಇಂಥ ಮರಗಳಿಗೆ ಹತ್ತಿ, ತುದಿಗೆ ಕತ್ತಿ ತಾಗಿಸದೆ ಪಕ್ಕದ ಕವಲು ಮಾತ್ರ ಸವರುತ್ತಾರೆ. ತುದಿ ಕಡಿದರೆ ಮರ ಕುಗ್ಗುತ್ತದೆ, ಬರುವ ವರ್ಷಗಳಲ್ಲಿ ಚಿಗುರು ಬಡವಾಗುತ್ತದೆ. ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಿದ ಸೊಪ್ಪು ಸಗಣಿ ಗಂಜಲದಲ್ಲಿ ನೆನೆದು ಗೊಬ್ಬರಗುಂಡಿಗೆ ಹೋಗುತ್ತದೆ. ಚಳಿಗಾಲ ಕಳೆದ ಮೇಲೆ ಹೆಂಗಸರು ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು ಒಣ ಹಾಸು ಮಾಡುತ್ತಾರೆ. ತೋಟದ ಬುಡಕ್ಕೂ ಗದ್ದೆಗೂ ಬೀಳುವ ಗೊಬ್ಬರದಲ್ಲಿ ಅರ್ಧಪಾಲು ಬೆಟ್ಟದ್ದು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ಬೆಟ್ಟ ಎಂಬ ಲೆಕ್ಕ ಹುಟ್ಟಿದ್ದು ಇದೇ ಕಾರಣಕ್ಕೆ. ಬೆಟ್ಟ ಕಿತ್ತುಕೊಂಡರೆ ತೋಟವನ್ನೂ ಕಿತ್ತುಕೊಂಡ ಹಾಗೆಯೇ. ಒಂದೆರಡು ಮಳೆಗಾಲ ತಡವಾಗಬಹುದು, ಅಷ್ಟೇ.

ಪಹಣಿಯಲ್ಲಿ ಈ ಬೆಟ್ಟದ ಸರ್ವೆ ನಂಬರ್ ತೆರೆದರೆ ಒಡೆತನದ ಕಾಲಂನಲ್ಲಿ ‘ಸರ್ಕಾರ’ ಎಂದಿರುತ್ತದೆ. ದಂಡಾವತಿ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ಆ ಹಾಳೆ ಹಿಡಿದುಕೊಂಡು ನನ್ನನ್ನು ಕೇಳಿದರು: “ಶಾನುಭೋಗ್ರೆ, ಇದು ನಮ್ಮ ಅಜ್ಜನ ಕಾಲದಿಂದ ನಮ್ಮ ಸೊಪ್ಪಿನಬೆಟ್ಟ. ಸರ್ಕಾರ ಅಂತ ಯಾಕೆ ಬರ್ದೀರಿ?” ಶಾನುಭೋಗಿಕೆ ಹೋಗಿ ಎಷ್ಟೋ ವರ್ಷವಾಗಿದ್ದರೂ ಅವರ ಬಾಯಲ್ಲಿ ನಾನು ಶಾನುಭೋಗನೇ. “ನಾಯ್ಕರೆ, ಜಾಗ ಸರ್ಕಾರದ್ದು, ಸೊಪ್ಪು ತರೋ ಸವಲತ್ತು ನಿಮ್ಮದು” ಎಂದೆ. “ಸವಲತ್ತು ಅಂದ್ರೆ ಕೊಟ್ಟೋರು ವಾಪಸ್ ಕೇಳ್ಬಹುದಲ್ಲ?” ಎಂದರು ಅವರು. ಕಾನೂನು ಓದಿದವರು ನೂರು ವರ್ಷ ಚರ್ಚೆ ಮಾಡಿದ್ದನ್ನು ಆ ಮನುಷ್ಯ ಒಂದು ಪ್ರಶ್ನೆಯಲ್ಲಿ ಮುಗಿಸಿದ್ದರು.

ಆ ಚರ್ಚೆಯನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಬಿಡಿಸಿಟ್ಟವನು ಅಮೆರಿಕದ ಕಾನೂನು ಪಂಡಿತ ವೆಸ್ಲಿ ಹೋಫೆಲ್ಡ್. 1913ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ, ನ್ಯಾಯಾಧೀಶರೂ ವಕೀಲರೂ ‘ರೈಟ್’ ಎಂಬ ಒಂದೇ ಪದದ ಕೆಳಗೆ ಬೇರೆಬೇರೆ ಸಂಗತಿಗಳನ್ನು ತುಂಬಿಬಿಟ್ಟಿದ್ದಾರೆ ಎಂದು ಅವನು ತೋರಿಸಿದ. ನನಗೆ ರೈಟ್ ಇದೆ ಎಂದರೆ ಎದುರಿಗೆ ಇನ್ನೊಬ್ಬನ ಮೇಲೆ ಒಂದು ಕರ್ತವ್ಯ ಇದ್ದೇ ಇರುತ್ತದೆ. ನನಗೆ ಪ್ರಿವಿಲೇಜ್ ಇದೆ ಎಂದರೆ ನಾನು ಮಾಡುವುದು ತಪ್ಪಲ್ಲ ಎಂದಷ್ಟೇ ಅರ್ಥ. ಎದುರಿನವನಿಗೆ ಯಾವ ಕರ್ತವ್ಯವೂ ಇಲ್ಲ. ಇದನ್ನು ಬೆಟ್ಟಕ್ಕೆ ಹಚ್ಚಿ ನೋಡಿ. ಸೊಪ್ಪು ಕಡಿದರೆ ಗಾರ್ಡು ಕೇಸು ಹಾಕುವ ಹಾಗಿಲ್ಲ. ಆದರೆ ಸೊಪ್ಪು ಕೊಡುವ ಮರ ನಾಳೆಯೂ ಅಲ್ಲಿರಬೇಕು ಎಂದು ರೈತ ಕೇಳುವ ಹಾಗೂ ಇಲ್ಲ. ಮರವನ್ನೆಲ್ಲ ಕಡಿಸಿ ಬೇರೆ ಏನೋ ನೆಟ್ಟರೆ ಅವನ ಪ್ರಿವಿಲೇಜಿಗೆ ಕಾಗದದ ಮೇಲೆ ಏನೂ ಆಗಿಲ್ಲ. ಹೋಗಿ ಸೊಪ್ಪು ತರಲು ಯಾರೂ ಅಡ್ಡಿ ಮಾಡಿಲ್ಲವಲ್ಲ! ಈ ಒಂದು ಬಿರುಕಿನಿಂದಲೇ ನಮ್ಮ ಎರಡು ತಾಲ್ಲೂಕುಗಳ ಕಾಡು ಕೈಬಿಟ್ಟಿತು ಎಂದು ನಾನು ನಂಬಿದ್ದೇನೆ.

ಬ್ರಿಟಿಷರು ಬರುವ ಮೊದಲು ಈ ಸೀಮೆಯಲ್ಲಿ ಭೂಮಿಯ ಮಾತನ್ನು ಹೇಗೆ ಬರೆಯುತ್ತಿದ್ದರು ಎಂಬುದಕ್ಕೆ ಕಲ್ಲುಗಳೇ ಸಾಕ್ಷಿ. ಲೂಯಿಸ್ ರೈಸ್ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟವನ್ನು 1902ರಲ್ಲಿ, 8ನೆಯದನ್ನು 1904ರಲ್ಲಿ ಹೊರತಂದರು. ಶಿಕಾರಿಪುರದ ಶಾಸನಗಳು ಮೊದಲಿನದರಲ್ಲಿ, ಸೊರಬದವು ಎರಡನೆಯದರಲ್ಲಿ ಇವೆ. ತಾಳಗುಂದದ ಕಂಬವನ್ನು ಶಾಲೆಯಲ್ಲಿ ಎಲ್ಲರೂ ಮಯೂರಶರ್ಮನ ಕಥೆಗಾಗಿ ಓದುತ್ತೇವೆ. ಆ ಬರಹದಲ್ಲಿ ಕಾಕುಸ್ಥವರ್ಮ ದೇವಾಲಯದ ಬಳಿ ಕೆರೆ ಕಟ್ಟಿಸಿದ ಸಂಗತಿಯೂ ಇದೆ. ನನ್ನಂಥ ಕಂದಾಯದವನಿಗೆ ಅದು ಹೆಚ್ಚು ಹತ್ತಿರ. ನಮ್ಮ ಕಡೆಯ ಮಧ್ಯಕಾಲದ ದಾನಪತ್ರಗಳಲ್ಲಿ ಭೂಮಿಯ ಜೊತೆ ಅಷ್ಟಭೋಗವನ್ನೂ ಎಣಿಸಿ ಕೊಡುವ ವಾಡಿಕೆ ಬೆಳೆಯಿತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೀರು, ಕಲ್ಲು, ಈಗ ಇರುವುದು, ಮುಂದೆ ಹುಟ್ಟುವುದು ಎಲ್ಲವೂ ಅನುಭೋಗದ ಒಳಗೆ. ದಾನ ಪಡೆದವರು ಮೇಲಿನವರು, ದುಡಿದವರ ಹೆಸರು ಕಲ್ಲಿನಲ್ಲಿ ಇಲ್ಲ, ಅದನ್ನು ಮರೆಯಬಾರದು. ಆದರೂ ಮುಂದೆ ಹುಟ್ಟುವುದೂ ಅನುಭವಿಸುವವನಿಗೆ ಸೇರಿದ್ದು ಎಂಬ ಕಲ್ಪನೆ ಈ ನೆಲದಲ್ಲಿ ಇತ್ತು.

ಕೆಳದಿಯವರ ಕಾಲಕ್ಕೆ ಶಿವಪ್ಪನಾಯಕನ ಶಿಸ್ತು ಬಂತು. 1645ರಿಂದ 1660ರವರೆಗೆ ಆಳಿದ ಆತ ಮಣ್ಣಿನ ಗುಣ ನೋಡಿ ಕಂದಾಯ ಕಟ್ಟಿದ. ಆ ರಾಜ್ಯದ ಬೊಕ್ಕಸಕ್ಕೆ ಕಾಳುಮೆಣಸು ದೊಡ್ಡ ಆಧಾರ, ಆ ಮೆಣಸಿನಲ್ಲಿ ಕಾನುಗಳ ಪಾಲೂ ಇತ್ತು.

ಕಾನು ಎಂದರೆ ಬರೀ ಕಾಡಲ್ಲ. ಸೊರಬ ಮಲೆನಾಡು ಮುಗಿದು ಬಯಲು ಶುರುವಾಗುವ ತಾಲ್ಲೂಕು. ಸುತ್ತ ಎಲೆ ಉದುರಿಸುವ ಮರಗಳ ಕಾಡು, ಗದ್ದೆ, ಹುಲ್ಲು. ನಡುವೆ ಅಲ್ಲೊಂದು ಇಲ್ಲೊಂದು ವರ್ಷವಿಡೀ ಹಸಿರಾಗಿರುವ ದಟ್ಟ ತೋಪು. ಏಪ್ರಿಲ್ ತಿಂಗಳಲ್ಲಿ ಹಳೇಸೊರಬದ ಕಾನಿನ ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಬಿಸಿಲಿನ ಜಳ ಹಿಂದೆ ಉಳಿಯುತ್ತದೆ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬಗನಿ, ಹಲಸು, ಮಾವು, ದಾಲ್ಚಿನ್ನಿ, ಉಪ್ಪಾಗೆ. ಕಾನಿನ ಬುಡದಲ್ಲಿ ಒರತೆ, ಒರತೆಯ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ. ಒಳಗೊಂದು ಕಲ್ಲು, ಚೌಡಿಯೋ ಭೂತಪ್ಪನೋ ನಾಗನೋ. ಅಲ್ಲಿ ಕತ್ತಿ ಹಾಕುವುದಕ್ಕೆ ಊರಿನ ಕಟ್ಟುಕಟ್ಟಳೆ ಇತ್ತು. ಮೆಣಸು ಕೊಯ್ಯಬಹುದು, ಬಗನಿಯಿಂದ ಕಳ್ಳು ಇಳಿಸಬಹುದು, ಹಸಿಮರ ಉರುಳಿಸುವಂತಿಲ್ಲ. ಕಾನಿನ ಉತ್ಪತ್ತಿಗೆ ರೈತರು ತೆರಿಗೆ ಕಟ್ಟುತ್ತಿದ್ದರು. ತೆರಿಗೆ ಕಟ್ಟಿದ ಮೇಲೆ ಅದು ನಮ್ಮದು ಎಂಬ ತಿಳಿವಳಿಕೆ ಸಹಜವಾಗಿಯೇ ಬೇರೂರಿತ್ತು.

1830ರ ನಗರದ ದಂಗೆಯ ನೆಪದಲ್ಲಿ 1831ರಲ್ಲಿ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. 1860ರ ದಶಕದಲ್ಲಿ ಬೊಂಬಾಯಿ ಮಾದರಿಯ ಸರ್ವೆ ಶುರುವಾಯಿತು, 1864ರಲ್ಲಿ ಮೈಸೂರಿಗೆ ಅರಣ್ಯ ಇಲಾಖೆ ಬಂತು. ಅದೇ ವರ್ಷ ಇಡೀ ಇಂಡಿಯಾದ ಅರಣ್ಯಗಳಿಗೆ ಇನ್ಸ್‌ಪೆಕ್ಟರ್ ಜನರಲ್ ಆಗಿ ನೇಮಕಗೊಂಡವರು ಡೀಟ್ರಿಚ್ ಬ್ರಾಂಡಿಸ್. 1824ರಲ್ಲಿ ಜರ್ಮನಿಯ ಬಾನ್ ಊರಿನಲ್ಲಿ ಹುಟ್ಟಿದ ಸಸ್ಯಶಾಸ್ತ್ರಿ, ಬರ್ಮಾದ ತೇಗದ ಕಾಡಿನಲ್ಲಿ ಕೆಲಸ ಕಲಿತವರು. ಅವರೂ ಗ್ರಾಂಟ್ ಎಂಬ ಅಧಿಕಾರಿಯೂ ಕೂಡಿ 1868ರ ಮೇ 11ರಂದು ಒಂದು ಜಂಟಿ ವರದಿ ಕೊಟ್ಟರು. ವಿಷಯ: ಸೊರಬ ತಾಲ್ಲೂಕಿನ ಕಾನುಗಳು. ಒಂದೇ ತಾಲ್ಲೂಕಿನಲ್ಲಿ ನೂರಕ್ಕೂ ಹೆಚ್ಚು ಕಾನು, ಒಟ್ಟು ಮೂವತ್ತು ಸಾವಿರ ಎಕರೆಗೂ ಮೀರಿದ ವಿಸ್ತೀರ್ಣ. ದೇಶದ ಅರಣ್ಯ ಇಲಾಖೆಯ ಮುಖ್ಯಸ್ಥ ನಮ್ಮ ಸೊರಬದ ಕಾನುಗಳ ಬಗ್ಗೆಯೇ ಪ್ರತ್ಯೇಕ ವರದಿಗೆ ಸಹಿ ಹಾಕಿದರು ಎಂದು ತಿಳಿದಾಗ ನನಗಾದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಬ್ರಾಂಡಿಸ್ ಬೆಳೆದ ರೈನ್ ಪ್ರಾಂತ್ಯದಲ್ಲೂ ರೈತರು ಕಾಡಿನ ಒಣ ಎಲೆ ಗುಡಿಸಿ ಕೊಟ್ಟಿಗೆಗೆ ಹಾಸುತ್ತಿದ್ದರು. ಅಲ್ಲಿ ಬಿದ್ದ ಕಟ್ಟಿಗೆ ಆಯುವುದನ್ನು ಕಳ್ಳತನ ಎಂದು ಮಾಡುವ ಮಸೂದೆ ಬಂದಾಗ, 1842ರಲ್ಲಿ, ಕಲೋನಿನ ಪತ್ರಿಕೆಯೊಂದರಲ್ಲಿ ಅದರ ವಿರುದ್ಧ ಬರೆದ ತರುಣ ಕಾರ್ಲ್ ಮಾರ್ಕ್ಸ್. ಬಡವರ ರೂಢಿಯೇ ಅವರ ಹಕ್ಕು ಎಂಬುದು ಅವನ ವಾದ. ಇಂಗ್ಲೆಂಡಿನಲ್ಲಂತೂ 1217ರಷ್ಟು ಹಿಂದೆಯೇ ಅರಣ್ಯ ಸನ್ನದು ಆಗಿತ್ತು, ರಾಜನ ಕಾಡಿನಲ್ಲಿ ಜನ ಹಂದಿ ಮೇಯಿಸುವುದಕ್ಕೂ ಅದರಲ್ಲಿ ಜಾಗ ಇತ್ತು. ರೂಢಿಯಿಂದ ಹಕ್ಕು ಹುಟ್ಟುತ್ತದೆ ಎಂಬುದು ಯುರೋಪಿನವರಿಗೆ ಗೊತ್ತಿಲ್ಲದ ಮಾತಾಗಿರಲಿಲ್ಲ. ಗೊತ್ತಿದ್ದೂ ಇಲ್ಲಿ ಬೇರೆ ತೀರ್ಮಾನ ಮಾಡಿದರು.

ತೀರ್ಮಾನದ ಹಿಂದಿನ ವಾದ ಬೇಡನ್ ಹೆನ್ರಿ ಬೇಡನ್ ಪೊವೆಲ್‌ನದು. ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್‌ಗೆ ಈತ ಮಲ ಅಣ್ಣ. ಪಂಜಾಬಿನ ಅಧಿಕಾರಿ, ಭೂವ್ಯವಸ್ಥೆಯ ಬಗ್ಗೆ ಮುಂದೆ ದೊಡ್ಡ ಗ್ರಂಥಗಳನ್ನು ಬರೆದವನು. 1874ರಲ್ಲಿ ಅಲಹಾಬಾದಿನಲ್ಲಿ ಅರಣ್ಯಾಧಿಕಾರಿಗಳ ಸಮ್ಮೇಳನ ನಡೆದಾಗ ಅವನು ಎರಡು ಪದಗಳನ್ನು ಬೇರ್ಪಡಿಸಿದ. ಸರ್ಕಾರ ಬರವಣಿಗೆಯಲ್ಲಿ ಒಪ್ಪಿಕೊಂಡು ದಾಖಲೆ ಮಾಡಿದ್ದು ‘ರೈಟ್’. ಅದಲ್ಲದೆ ಜನ ತಲೆತಲಾಂತರದಿಂದ ಮಾಡುತ್ತ ಬಂದದ್ದೆಲ್ಲ ‘ಪ್ರಿವಿಲೇಜ್’, ದೊರೆ ಸುಮ್ಮನಿದ್ದುದರಿಂದ ನಡೆದುಕೊಂಡು ಬಂದದ್ದು, ಬೇಡ ಎಂದರೆ ನಿಲ್ಲಿಸಬೇಕಾದದ್ದು. ಬ್ರಾಂಡಿಸ್ ಇದನ್ನು ಪೂರ್ತಿ ಒಪ್ಪಲಿಲ್ಲ. ಹಳ್ಳಿಗಳಿಗೂ ಅವುಗಳದೇ ಕಾಡು ಇರಬೇಕು, ರೂಢಿಗೆ ಬೆಲೆ ಕೊಡಬೇಕು ಎಂಬುದು ಅವರ ನಿಲುವು. ಮದರಾಸು ಸರ್ಕಾರ ಕೂಡ ಬೇಡನ್ ಪೊವೆಲ್‌ನ ದಾರಿ ಹಿಡಿಯದೆ 1882ರಲ್ಲಿ ತನ್ನದೇ ಅರಣ್ಯ ಕಾಯ್ದೆ ಮಾಡಿಕೊಂಡಿತು. ಆದರೆ 1878ರ ಇಂಡಿಯನ್ ಫಾರೆಸ್ಟ್ ಆಕ್ಟ್ ಬಂದಾಗ ಬಹುಮಟ್ಟಿಗೆ ಗೆದ್ದದ್ದು ಬೇಡನ್ ಪೊವೆಲ್‌ನ ವಾದವೇ. ರಿಸರ್ವ್ ಮಾಡುವಾಗ ರೈಟ್ ಇದೆ ಎಂದು ಸಾಬೀತು ಮಾಡಿದವನಿಗೆ ವಿಚಾರಣೆ, ಪರಿಹಾರ. ಪ್ರಿವಿಲೇಜಿನವನಿಗೆ ಆ ಬಾಗಿಲು ಇಲ್ಲ.

ಮೈಸೂರು 1881ರಲ್ಲಿ ಒಡೆಯರಿಗೆ ಮರಳಿತು. ಪದ ಮರಳಲಿಲ್ಲ. 1900ರ ಮೈಸೂರು ಅರಣ್ಯ ರೆಗ್ಯುಲೇಷನ್ನು, 1963ರ ರಾಜ್ಯದ ಅರಣ್ಯ ಕಾಯ್ದೆ, ನಾನು ಮೊದಲಿಗೆ ಹೇಳಿದ 1964ರ ಕಾಯ್ದೆ ಎಲ್ಲವೂ ಅದೇ ಚೌಕಟ್ಟಿನ ಮೇಲೆ ನಿಂತವು. 79ನೇ ಸೆಕ್ಷನ್ ಬರೆದವರು ಒಳ್ಳೆಯ ಉದ್ದೇಶದಿಂದಲೇ ಬರೆದರು, ರೈತನ ರೂಢಿ ನಿಂತುಹೋಗಬಾರದು ಎಂದು. ಆದರೆ ಅವರು ಕಾಪಾಡಿದ್ದು ಪ್ರಿವಿಲೇಜನ್ನು. ಅದರ ಬೆಲೆ ಏನು ಎಂಬುದು ಇಪ್ಪತ್ತು ವರ್ಷದಲ್ಲಿ ಗೊತ್ತಾಯಿತು.

1984ರಲ್ಲಿ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿತು. ಹರಿಹರ ಪಾಲಿಫೈಬರ್ಸ್ ಅದರಲ್ಲಿ ಪಾಲುದಾರ. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ 30,000 ಹೆಕ್ಟೇರು ಜಾಗವನ್ನು ನೀಲಗಿರಿ ನೆಡಲು ಬಿಟ್ಟುಕೊಡುವ ಒಪ್ಪಂದ. ಯಾವ ಜಾಗ? ಕಡತದಲ್ಲಿ ಅದಕ್ಕೆ ‘ಸಿ ಮತ್ತು ಡಿ ದರ್ಜೆ ಜಮೀನು’ ಎಂದು ಹೆಸರು, ಕೆಟ್ಟು ಬಿದ್ದ ಜಾಗ ಎಂಬ ಅರ್ಥದಲ್ಲಿ. ಊರಿನವರಿಗೆ ಅದು ದನ ಮೇಯುವ, ಕಟ್ಟಿಗೆ ಆಯುವ, ಸೊಪ್ಪು ತರುವ ಜಾಗ. ಜನರಿಗೆ ಅಲ್ಲಿ ಇದ್ದದ್ದು ಪ್ರಿವಿಲೇಜ್ ಮಾತ್ರವಾದ್ದರಿಂದ ಸರ್ಕಾರ ಯಾರನ್ನೂ ಕೇಳಬೇಕಾಗಿರಲಿಲ್ಲ, ಕೇಳಲೂ ಇಲ್ಲ. ನಮ್ಮ ಸೊರಬಕ್ಕೆ ಅಂಟಿಕೊಂಡ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಆ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಮರದ ಸಸಿ ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಅದನ್ನು ಸಂಘಟಿಸಿದರು; ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರೂ ಇದ್ದರು. ಕೊನೆಗೆ ಕಂಪನಿ ಮುಚ್ಚಿತು. ಜನ ಗೆದ್ದದ್ದು ಬೀದಿಯಲ್ಲಿ ಹಟ ಹಿಡಿದಿದ್ದರಿಂದ. ಪಹಣಿಯ ಬಲ ಅವರಿಗೆ ಇರಲಿಲ್ಲ.

ಆ ಬಲವಿಲ್ಲದ್ದರಿಂದಲೇ ಕಥೆ ಮತ್ತೆ ನಡೆಯಿತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಿಂದ 40 ವರ್ಷ ಶಿವಮೊಗ್ಗ ಸುತ್ತಿನ ಅರಣ್ಯ ಜಾಗ ಗೇಣಿಗೆ ಹೋಗಿತ್ತು. ನೀಲಗಿರಿ ಆಯಿತು, ಅಕೇಶಿಯಾ ಆಯಿತು. ಅಕೇಶಿಯಾದ ಎಲೆ ದನ ಮೂಸುವುದಿಲ್ಲ; ಕೊಟ್ಟಿಗೆಗೆ ಹಾಸಿದರೆ ಗುಂಡಿಯಲ್ಲಿ ಬೇಗ ಕೊಳೆಯುವುದಿಲ್ಲ. ಕಾರ್ಖಾನೆ ನಿಂತುಹೋದ ಮೇಲೂ 2020ರಲ್ಲಿ ಗೇಣಿಯನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸುವ ಆದೇಶ ಬಂದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನ ಊರೂರುಗಳಲ್ಲಿ ಸಭೆಗಳಾದವು. ಆ ಕೂಗಿನ ಹಿಂದೆ ಇದ್ದದ್ದು ಕೊಟ್ಟಿಗೆಯ ಸಂಕಟ.

ರೈತರೂ ಕಾನು ಕಡಿದರಲ್ಲ ಎಂದು ಕೇಳುವವರಿದ್ದಾರೆ. ಕಡಿದರು. ಸೊರಬದಲ್ಲಿ ಶುಂಠಿಗಾಗಿ, ಅಡಿಕೆಗಾಗಿ ಕಾನಿನ ಅಂಚು ಕರಗಿದ್ದನ್ನು ನಾನೇ ನಕ್ಷೆ ಹಿಡಿದು ನೋಡಿದ್ದೇನೆ, ಅದರ ನೋವು ನನಗಿದೆ. ಆದರೆ ಕಾನೂನು ಜನರಿಗೆ ಕಲಿಸಿದ ಪಾಠ ಯಾವುದು ಎಂದೂ ನೋಡಬೇಕು. ಶಿಕಾರಿಪುರದ ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ರಾಶಿ ಬೀಳುತ್ತಿದ್ದದ್ದು ಬಗರ್‌ಹುಕುಂ ಅರ್ಜಿಗಳು, ಅಂದರೆ ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂಬ ಅರ್ಜಿಗಳು. ಮೊದಲು ಫಾರಂ 50, ಆಮೇಲೆ 53, 2018ರ ಮೇಲೆ 57. ಕಾಡು ಕಡಿದು ಉತ್ತವನಿಗೆ ಇಂದಲ್ಲ ನಾಳೆ ಸಾಗುವಳಿ ಚೀಟಿ ಸಿಗಬಹುದು, ಅದು ಹಕ್ಕು. ಮರ ಉಳಿಸಿಕೊಂಡು ಸೊಪ್ಪು ಸವರಿ ತಂದವನಿಗೆ ಯಾವ ಫಾರಂ ಕೂಡ ಇರಲಿಲ್ಲ. ಎರಡೂ ಹೊಟ್ಟೆಪಾಡೇ. ಭೂಮಿಯಿಲ್ಲದ ಬಡವ ಒಂದೆರಡು ಎಕರೆ ಉತ್ತುಕೊಂಡದ್ದನ್ನು ನಾನು ಎಂದೂ ತಪ್ಪೆಂದು ಎಣಿಸಿಲ್ಲ. ಆದರೆ ಕಾಡು ಕಾಯ್ದವನ ಕೈಗೆ ಏನನ್ನೂ ಕೊಡದ ವ್ಯವಸ್ಥೆ ಕಾಡನ್ನು ಉಳಿಸಲಾರದು. 1996ರ ಡಿಸೆಂಬರ್ 12ರ ಗೋದಾವರ್ಮನ್ ಆದೇಶದಲ್ಲಿ ಸುಪ್ರೀಂ ಕೋರ್ಟು ಅರಣ್ಯ ಎಂಬ ಪದಕ್ಕೆ ನಿಘಂಟಿನ ಅರ್ಥವೇ ಪ್ರಮಾಣ ಎಂದ ಮೇಲೆ ಕಾನು, ಸೊಪ್ಪಿನಬೆಟ್ಟಗಳು ಡೀಮ್ಡ್ ಫಾರೆಸ್ಟ್, ಅಂದರೆ ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದೇ ಎಣಿಸುವ ಜಾಗಗಳ ಪಟ್ಟಿಗೂ ಹತ್ತಿದವು. ಕಂದಾಯದವರು ಒಂದು ಹೇಳಿದರೆ ಅರಣ್ಯದವರು ಇನ್ನೊಂದು ಹೇಳುವ ಸ್ಥಿತಿ, ನಡುವೆ ರೈತ.

ಭಾಷೆ ಬದಲಾದದ್ದು 2006ರಲ್ಲಿ. ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆ ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯ ಆಗಿದೆ ಎಂದು ಒಪ್ಪಿಕೊಂಡಿತು, ಕಾಯ್ದೆಯುದ್ದಕ್ಕೂ ‘ರೈಟ್’ ಎಂದೇ ಬರೆಯಿತು. ನಿಸ್ತಾರ್ ಮುಂತಾದ ಸಮುದಾಯದ ರೂಢಿಗಳು, ಯಾವ ಹೆಸರಿನಿಂದ ಕರೆದರೂ, ಅಲ್ಲಿ ಹಕ್ಕುಗಳೇ. ಕಾಡನ್ನು ಕಾಯುವುದು, ಬೆಳೆಸುವುದು ಕೂಡ ಸಮುದಾಯದ ಹಕ್ಕು. ಬೇಡನ್ ಪೊವೆಲ್ ಹಾಕಿದ ಗೆರೆಯನ್ನು ನೂರಾ ಮೂವತ್ತು ವರ್ಷದ ಮೇಲೆ ಪಾರ್ಲಿಮೆಂಟು ಅಳಿಸಿತು. ಕಾಯ್ದೆಯಲ್ಲಿ ಅರಣ್ಯಭೂಮಿ ಎಂದರೆ ಡೀಮ್ಡ್ ಫಾರೆಸ್ಟ್ ಕೂಡ ಸೇರುತ್ತದೆ, ಹಾಗಾಗಿ ನಮ್ಮ ಕಾನು, ಬೆಟ್ಟಗಳಿಗೂ ದಾರಿ ಇದೆ. ಕಷ್ಟ ಇರುವುದು ಒಂದು ಷರತ್ತಿನಲ್ಲಿ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಸೊರಬ, ಶಿಕಾರಿಪುರದ ದೀವರು, ಲಿಂಗಾಯತರು, ಜಮೀನಿಲ್ಲದ ದಲಿತ ಕುಟುಂಬಗಳು ಬಹುಪಾಲು ಈ ಷರತ್ತಿನ ಕೆಳಗೇ ಬರುತ್ತಾರೆ. ಕಾಗದ ಎಲ್ಲಿಂದ ತರೋಣ ಎಂದು ಜನ ಕೈಚೆಲ್ಲಿದ್ದು ಇಲ್ಲಿಯೇ.

ಕಾಗದ ಇದೆ ಎಂಬುದೇ ನಾನು ನಿವೃತ್ತನಾದ ಮೇಲೆ ಊರೂರಿಗೆ ಹೋಗಿ ಹೇಳುತ್ತಿರುವ ಮಾತು. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೆಯದನ್ನು ತೆರೆದು ನೋಡಿ. ಗೆಜೆಟಿಯರು, ಜನಗಣತಿ, ಸರ್ವೆ ಸೆಟಲ್‌ಮೆಂಟ್ ವರದಿ, ನಕ್ಷೆ, ಅರಣ್ಯ ವಿಚಾರಣಾ ವರದಿ ಎಲ್ಲವೂ ಸಾಕ್ಷ್ಯ. ಊರಿನ ಹಿರಿಯರ ಬರೆಸಿಕೊಂಡ ಹೇಳಿಕೆ ಸಾಕ್ಷ್ಯ. ಹಳೆಯ ಬಾವಿ, ಸ್ಮಶಾನ, ದೇವರ ಬನ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೇ. ಹಾಗಿದ್ದ ಮೇಲೆ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸಹಿ ಹಾಕಿದ ವರದಿ, 1897ರ ರೈಸರ ಮೈಸೂರು ಗೆಜೆಟಿಯರು, ಪ್ರತಿ ಊರಿನ ಸರ್ವೆ ನಕ್ಷೆ ಇವೆಲ್ಲ ಸೊರಬದ ಗ್ರಾಮಸಭೆಯ ಕೈಗೆ ಬರಬೇಕಾದ ಕಾಗದಗಳು. ನಮೂನೆ ‘ಬಿ’ ಸಮುದಾಯದ ಹಕ್ಕುಗಳಿಗೆ, 2012ರಲ್ಲಿ ಸೇರಿಸಿದ ನಮೂನೆ ‘ಸಿ’ ಸಮುದಾಯ ಅರಣ್ಯಕ್ಕೆ. ಒಬ್ಬೊಬ್ಬರ ಒತ್ತುವರಿಗೆ ‘ಎ’ ತುಂಬಿಸಲು ಓಡಾಡುವವರು ತುಂಬಾ ಮಂದಿ ಇದ್ದಾರೆ, ‘ಬಿ’, ‘ಸಿ’ ಹಿಡಿದು ಬಂದವರನ್ನು ನಾನು ಕಂಡದ್ದು ತೀರಾ ಕಡಿಮೆ. ನಿಮ್ಮೂರಿನ ಕಾನಿನ ಸರ್ವೆ ನಂಬರ್ ಬರೆದುಕೊಳ್ಳಿ. ಯಾವ ಒರತೆಯಿಂದ ಯಾವ ಕೆರೆಗೆ ನೀರು ಬರುತ್ತದೆ, ಯಾರ ಮನೆಯವರು ಚೌಡಿಗೆ ವರ್ಷದ ಪೂಜೆ ಮಾಡುತ್ತಾರೆ, ಯಾವ ಕೇರಿಯವರು ಎಲ್ಲಿಂದ ಸೊಪ್ಪು, ದರಕು ತರುತ್ತಾರೆ ಎಂದು ಎಂಬತ್ತು ದಾಟಿದವರನ್ನು ಕೂರಿಸಿ ಬರೆಸಿ, ಹೆಬ್ಬೆಟ್ಟಾದರೂ ಒತ್ತಿಸಿಕೊಳ್ಳಿ. ಅಂಥವರು ಈಗ ಒಂದೊಂದು ಊರಿನಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರೆ, ಹೇಳಿಕೆ ಈ ಮಳೆಗಾಲದ ಒಳಗೆ ಆಗಬೇಕು.